ಕ್ಲಿಯೋಳ ಅರ್ಥ ಹೇಳುವ ಭಾಷೆ

2020ರ ಏಪ್ರಿಲ್ 14ರಂದು ಬಿಸು, ನಮ್ಮ ಕಡೆಯ ಹೊಸವರ್ಷದ ಹಬ್ಬ. ಬೇರೆ ವರ್ಷಗಳಲ್ಲಾಗಿದ್ದರೆ ಆ ರಾತ್ರಿ ಊರಿನ ದೇವಸ್ಥಾನದಲ್ಲಿ ತಾಳಮದ್ದಳೆ, ಎಂದರೆ ವೇಷ ಕುಣಿತಗಳಿಲ್ಲದೆ ಕುಳಿತು ಮಾತಿನಲ್ಲೇ ನಡೆಸುವ ಯಕ್ಷಗಾನ, ಇರುತ್ತಿತ್ತು. ದೊಡ್ಡಪ್ಪ ಸಂಜೆ ಐದಕ್ಕೇ ಸ್ನಾನ ಮುಗಿಸಿ, ಇಸ್ತ್ರಿ ಹಾಕಿದ ಬಿಳಿ ಪಂಚೆ ಉಟ್ಟು, ಮಡಚಿದ ಶಾಲನ್ನು ಹೆಗಲಿಗೇರಿಸಿ ಹೊರಡುತ್ತಿದ್ದರು. ಆ ವರ್ಷ ದೇವಸ್ಥಾನಕ್ಕೆ ಜನ ಹೋಗುವಂತಿರಲಿಲ್ಲ. ಮೇ ಕೊನೆಗೆ ಬರುವ ಪತ್ತನಾಜೆಯವರೆಗೆ ತಿರುಗಾಟದಲ್ಲಿರಬೇಕಾದ ಯಕ್ಷಗಾನ ಮೇಳಗಳು ಮಾರ್ಚ್ ತಿಂಗಳಲ್ಲೇ ಗೆಜ್ಜೆ ಬಿಚ್ಚಿದ್ದವು. ಕರ್ನಾಟಕ–ಕೇರಳದ ನಡುವಿನ ತಲಪಾಡಿಯ ಗಡಿ ಮುಚ್ಚಿತ್ತು, ಒಳದಾರಿಗಳಿಗೆ ಮಣ್ಣು ಬಿದ್ದಿತ್ತು. ಎರಡು ದಿನದ ಮಟ್ಟಿಗೆಂದು ಮಾರ್ಚ್ 20ರ ಶುಕ್ರವಾರ ಅಕ್ಕನೊಂದಿಗೆ ಮಂಗಳೂರಿನಿಂದ ಬಂದಿದ್ದ ಭಾವ ಕಾಸರಗೋಡಿನ ಬದಿಯಡ್ಕದ ಸಮೀಪದ ನಮ್ಮ ಮನೆಯಲ್ಲೇ ಉಳಿದುಬಿಟ್ಟಿದ್ದರು. ಅಡಿಕೆ ಸುಲಿಯುವವರು ಬರುವಂತಿರಲಿಲ್ಲವಾದ್ದರಿಂದ ಒಣಗಿದ ಅಡಿಕೆಯ ಗೋಣಿಗಳು ಜಗಲಿಯ ಮೂಲೆಯಲ್ಲಿ ಹಾಗೆಯೇ ಇದ್ದವು. ಮನೆಯವರೇ ರಾತ್ರಿ ಊಟವಾದ ಮೇಲೆ ಸುತ್ತ ಕುಳಿತು ಸುಲಿಯುತ್ತಿದ್ದೆವು.

ಆ ಬಿಸುವಿನ ರಾತ್ರಿ ನಮ್ಮ ಜಗಲಿಯಲ್ಲಿ ನಡೆದ ವಾದವನ್ನು ಕುರಿತು ಬರೆಯಬೇಕೆಂದು ಬಹಳ ಕಾಲದಿಂದ ಅಂದುಕೊಂಡಿದ್ದೇನೆ. ವಾದದ ವಿಷಯ ನಮ್ಮ ಊರಿನದಲ್ಲ. 2019ರ ಫೆಬ್ರವರಿ 24ರಂದು ಲಾಸ್ ಏಂಜಲೀಸ್‌ನಲ್ಲಿ ನಡೆದ 91ನೆಯ ಆಸ್ಕರ್ ಸಮಾರಂಭದಲ್ಲಿ ಅತ್ಯುತ್ತಮ ನಟಿ ಪ್ರಶಸ್ತಿಗೆ ನಾಮನಿರ್ದೇಶನಗೊಂಡಿದ್ದ ಐವರಲ್ಲಿ ನಿಜವಾಗಿ ಅರ್ಹಳಾದವಳು ಯಾರು ಎಂಬುದೇ ಆ ವಿಷಯ. ಪ್ರಶಸ್ತಿ ಕೊಟ್ಟು ಹದಿನಾಲ್ಕು ತಿಂಗಳಾಗಿತ್ತು. ಆದರೆ ದೊಡ್ಡಪ್ಪನಿಗೆ ಆ ಫಲಿತಾಂಶ ಗೊತ್ತಿರಲಿಲ್ಲ. ಅವರು ನಿವೃತ್ತ ಕನ್ನಡ ಅಧ್ಯಾಪಕರು, ಸುಮಾರು 40 ವರ್ಷ ತಾಳಮದ್ದಳೆಯಲ್ಲಿ ಅರ್ಥ ಹೇಳಿದವರು, ಎಂದರೆ ಪಾತ್ರವಾಗಿ ಕುಳಿತು ಮಾತನಾಡಿದವರು. ಸಿನಿಮಾ ನೋಡದವರಲ್ಲ, ಆದರೆ ಹಾಲಿವುಡ್ಡಿನ ಪ್ರಶಸ್ತಿ ಯಾರಿಗೆ ಹೋಯಿತೆಂದು ಲೆಕ್ಕವಿಟ್ಟವರೂ ಅಲ್ಲ. ಇದೇ ನಮಗೆ ಅನುಕೂಲವಾಯಿತು. ಭಾವನ ಲ್ಯಾಪ್‌ಟಾಪನ್ನು ಟಿ.ವಿ.ಗೆ ಜೋಡಿಸಿ, ಆ ಐವರ ಚಿತ್ರಗಳನ್ನು ಹತ್ತು ದಿನಗಳಲ್ಲಿ ಒಂದೊಂದಾಗಿ ನೋಡಿದೆವು. ವಾದ ಮುಗಿಯುವ ತನಕ ಗೆದ್ದವಳ ಹೆಸರನ್ನು ದೊಡ್ಡಪ್ಪನಿಗೆ ಹೇಳಬಾರದೆಂದು ಭಾವ, ಅಕ್ಕ ಮತ್ತು ನಾನು ನಿಶ್ಚಯಿಸಿಕೊಂಡೆವು.

ಐವರಲ್ಲಿ ಇಬ್ಬರ ವಿಷಯ ಬೇಗ ಇತ್ಯರ್ಥವಾಯಿತು. ಲೇಡಿ ಗಾಗಾ ಹಾಡುವಾಗ ಕಣ್ಣು ಕೀಳಲಾಗದಂತಿದ್ದರೂ ಹಾಡು ನಿಂತೊಡನೆ ಪಾತ್ರ ಸಣ್ಣದಾಗುತ್ತದೆ ಎಂದು ದೊಡ್ಡಪ್ಪ ಹೇಳಿದರು, ನಾವು ಒಪ್ಪಿದೆವು. ಸತ್ತ ಲೇಖಕರ ಹೆಸರಿನಲ್ಲಿ ಪತ್ರಗಳನ್ನು ನಕಲಿಯಾಗಿ ಸೃಷ್ಟಿಸಿ ಮಾರುವ ಬರಹಗಾರ್ತಿಯಾಗಿ ಮೆಲಿಸ್ಸಾ ಮೆಕಾರ್ಥಿ ಬಹಳ ಚೆನ್ನಾಗಿ ಮಾಡಿದ್ದಾರೆ. ಅವರ ಪಕ್ಷ ಹಿಡಿಯುವವರೊಬ್ಬರು ನಮ್ಮ ಜಗಲಿಯಲ್ಲಿ ಇಲ್ಲದೇ ಹೋದದ್ದು ಅನ್ಯಾಯವೇ ಸರಿ. ಕೊನೆಗೆ ಉಳಿದವರು ಮೂವರು: ‘ದಿ ವೈಫ್’ ಚಿತ್ರದ ಗ್ಲೆನ್ ಕ್ಲೋಸ್, ‘ದಿ ಫೇವರಿಟ್’ ಚಿತ್ರದ ಒಲಿವಿಯಾ ಕೋಲ್ಮನ್ ಮತ್ತು ‘ರೋಮಾ’ ಚಿತ್ರದ ಯಾಲಿತ್ಸಾ ಅಪಾರಿಸಿಯೊ.

ನನ್ನ ಮನಸ್ಸು ಮೊದಲಿನಿಂದಲೂ ಅಪಾರಿಸಿಯೊ ಕಡೆಗಿತ್ತು. ಅದಕ್ಕೆ ಒಂದು ಕಾರಣ ಮುಚ್ಚಿಡುವಂಥದ್ದಲ್ಲ. ನಾನು ಕನ್ನಡ ಮಾಧ್ಯಮದ ಎಲ್.ಪಿ. ಶಾಲೆಯೊಂದರಲ್ಲಿ ಸಣ್ಣ ಮಕ್ಕಳಿಗೆ ಕಲಿಸುವವಳು. ಅವಳೂ ಶಿಶುವಿಹಾರದ ಶಿಕ್ಷಕಿಯಾಗಲು ಓದಿ ಮುಗಿಸಿದ್ದ ಹುಡುಗಿ. ಮೆಕ್ಸಿಕೋದ ಓಹಾಕಾ ರಾಜ್ಯದ ತ್ಲಾಹಿಯಾಕೊ ಎಂಬ ಊರಿನವಳು. ಸೋದರಿಯ ಒತ್ತಾಯಕ್ಕೆ ಪಾತ್ರದ ಆಯ್ಕೆಗೆ ಹೋದಳು, ಅದಕ್ಕೆ ಮೊದಲು ಎಲ್ಲಿಯೂ ಅಭಿನಯಿಸಿದವಳಲ್ಲ. ನಾಮನಿರ್ದೇಶನವಾದಾಗ ಅವಳಿಗೆ 25 ವರ್ಷ. ಚಿತ್ರದಲ್ಲಿ ಅವಳದು ಕ್ಲಿಯೋ ಎಂಬ ಮನೆಗೆಲಸದವಳ ಪಾತ್ರ. 1970–71ರ ಕಾಲ, ಮೆಕ್ಸಿಕೋ ನಗರದ ರೋಮಾ ಎಂಬ ಬಡಾವಣೆಯ ಒಂದು ಮಧ್ಯಮ ವರ್ಗದ ಮನೆ. ನಿರ್ದೇಶಕ ಆಲ್ಫೊನ್ಸೊ ಕುವಾರೊನ್ ತನ್ನನ್ನು ಬಾಲ್ಯದಲ್ಲಿ ಎತ್ತಿ ಆಡಿಸಿದ ಮನೆಗೆಲಸದಾಕೆಯನ್ನು ನೆನೆದು ಮಾಡಿದ ಚಿತ್ರ ಅದು. ಆಕೆಗೇ ಅರ್ಪಿಸಿದ್ದಾನೆ. ಅಪಾರಿಸಿಯೊಳ ತಾಯಿಯೂ ಮನೆಗೆಲಸ ಮಾಡಿಯೇ ಮಕ್ಕಳನ್ನು ಸಾಕಿದವರು.

ಇನ್ನೊಂದು ಕಾರಣ ‘ರೋಮಾ’ ನೋಡಿದ ರಾತ್ರಿ ನನ್ನ ಮನಸ್ಸಿನಲ್ಲಿ ಕುಳಿತದ್ದು. ನಮ್ಮ ತೋಟದ ಆಚೆ ಬದಿಯ ಮನೆಯಿಂದ ಕೆಲಸಕ್ಕೆ ಬರುವ ಅಕ್ಕ ಒಬ್ಬರಿದ್ದಾರೆ. ನಾನು ಮೂರನೆಯ ತರಗತಿಯಲ್ಲಿದ್ದಾಗಿನಿಂದ ಅವರನ್ನು ನೋಡುತ್ತಿದ್ದೇನೆ. ಲಾಕ್‌ಡೌನ್ ದಿನಗಳಲ್ಲಿ ಹೊರಗಿನಿಂದ ನಮ್ಮ ಮನೆಗೆ ಬರುತ್ತಿದ್ದವರು ಅವರೊಬ್ಬರೇ. ಅವರ ಮನೆಮಾತು ಮರಾಟಿ. ನಮ್ಮೊಂದಿಗೆ ತುಳು, ದೊಡ್ಡಪ್ಪನೊಂದಿಗೆ ಸ್ವಲ್ಪ ಅಳುಕಿನ ಕನ್ನಡ, ಬಸ್ಸಿನಲ್ಲಿ ಮತ್ತು ಆಸ್ಪತ್ರೆಯಲ್ಲಿ ಮಲಯಾಳ. ಆ ರಾತ್ರಿ ಅವರೂ ಚಿತ್ರ ನೋಡಲು ಉಳಿದರು. ಕುರ್ಚಿ ಕೊಟ್ಟರೂ ಕೂರದೆ ಬಾಗಿಲ ಪಕ್ಕದಲ್ಲಿ ನೆಲದ ಮೇಲೆ ಕುಳಿತರು. ನಾನು ಪಕ್ಕದಲ್ಲಿ ಕುಳಿತು ಕೆಳಗೆ ಬರುತ್ತಿದ್ದ ಇಂಗ್ಲಿಷ್ ಅಕ್ಷರಗಳನ್ನು ತುಳುವಿಗೆ ತಿರುಗಿಸಿ ಮೆಲ್ಲಗೆ ಹೇಳುತ್ತಿದ್ದೆ.

ಕ್ಲಿಯೋ ಮನೆಯವರೊಂದಿಗೆ ಸ್ಪ್ಯಾನಿಷ್ ಆಡುತ್ತಾಳೆ. ಜತೆಯ ಕೆಲಸದವಳಾದ ಅದೇಲಾಳೊಂದಿಗೆ ಅಡುಗೆಮನೆಯಲ್ಲಿ, ಮಾಳಿಗೆಯ ಮೇಲಿನ ಕೋಣೆಯಲ್ಲಿ ತನ್ನ ಮಿಸ್ತೆಕ್ ಭಾಷೆ ಆಡುತ್ತಾಳೆ. ಎರಡರ ವ್ಯತ್ಯಾಸ ನಮ್ಮಂಥ ಹೊರಗಿನವರಿಗೆ ಕಿವಿಯಿಂದ ತಿಳಿಯುವುದು ಕಷ್ಟ. ಅದಕ್ಕಾಗಿ ಮಿಸ್ತೆಕ್ ಮಾತುಗಳು ಬಂದಾಗ ಕೆಳಗಿನ ಅಕ್ಷರಗಳನ್ನು ಆವರಣ ಚಿಹ್ನೆಯೊಳಗೆ ತೋರಿಸುತ್ತಾರೆ. ಸಪ್ತಭಾಷೆಗಳ ನಾಡೆಂದು ವೇದಿಕೆಗಳಲ್ಲಿ ಕೇಳುತ್ತಾ ಬೆಳೆದ ನನಗೆ ಆ ಎರಡು ಸಣ್ಣ ಕಂಸಗಳನ್ನು ಕಂಡಾಗ ಗಂಟಲು ಕಟ್ಟಿದಂತಾಯಿತು. ಇದನ್ನು ನಾನು ಕೆಲಸದ ಅಕ್ಕನಿಗೆ ವಿವರಿಸಲಿಲ್ಲ. ಆದರೆ ಆ ಹುಡುಗಿಯರು ತಮ್ಮತಮ್ಮಲ್ಲಿ ನಗುತ್ತಾ ಮಾತನಾಡುವ ದೃಶ್ಯ ಬಂದಾಗ, ನಾನು ಬಾಯಿ ತೆರೆಯುವ ಮುಂಚೆಯೇ ಅವರು, ಈಗ ಇವರು ತಮ್ಮ ಮನೆಯ ಭಾಷೆ ಮಾತನಾಡುತ್ತಿದ್ದಾರಲ್ಲವೇ ಎಂದು ಕೇಳಿದರು. ಹೇಗೆ ಗೊತ್ತಾಯಿತೆಂದು ಕೇಳಿದೆ. “ಮೋನೆ ತೂಲೆ” ಎಂದರು. ಮುಖ ನೋಡಿ, ಎಂದು.

ಅದೇ ರಾತ್ರಿ ಇನ್ನೊಂದು ಸಂಗತಿ ನಡೆಯಿತು. ಚಿತ್ರದಲ್ಲಿ ಮನೆಯವರೆಲ್ಲ ಸೋಫಾದ ಮೇಲೆ ಕುಳಿತು ಟಿ.ವಿ. ನೋಡುತ್ತಿರುತ್ತಾರೆ. ಕ್ಲಿಯೋ ಬಂದು ಪಕ್ಕದಲ್ಲಿ ನೆಲದ ಮೇಲೆ ಕುಳಿತುಕೊಳ್ಳುತ್ತಾಳೆ, ಒಬ್ಬ ಹುಡುಗ ಅವಳ ಹೆಗಲ ಮೇಲೆ ಕೈ ಹಾಕುತ್ತಾನೆ. ಅವಳೂ ನಗಲು ತೊಡಗುವಷ್ಟರಲ್ಲಿ ಯಜಮಾನನಿಗೆ ಚಹಾ ತರಲು ಹೇಳುತ್ತಾರೆ, ಅವಳು ಏಳುತ್ತಾಳೆ. ಆ ದೃಶ್ಯ ಕಳೆದು ಕಾಲು ಗಂಟೆಯೂ ಆಗಿರಲಿಲ್ಲ, ನಮ್ಮ ಅತ್ತೆ ಪರದೆಯಿಂದ ಕಣ್ಣು ತೆಗೆಯದೆಯೇ ಒಂದಿಷ್ಟು ಬಿಸಿನೀರು ಬೇಕಿತ್ತು ಎಂದರು, ಕೆಲಸದ ಅಕ್ಕ ಎದ್ದರು. ಅವರು ಎದ್ದ ರೀತಿಯನ್ನು ನಾನು ನೋಡಿದೆ. ಒಂದು ಕೈ ಹೊಸ್ತಿಲ ಮೇಲೆ, ಇನ್ನೊಂದು ಕೈ ಸೀರೆಯ ನೆರಿಗೆಯ ಮೇಲೆ, ಕಣ್ಣು ಇನ್ನೂ ಟಿ.ವಿ.ಯಲ್ಲೇ. ಮೆಕ್ಸಿಕೋದ ಆ ಹುಡುಗಿ ಎದ್ದದ್ದೂ ಹಾಗೆಯೇ. ದೇಹ ಅಡುಗೆಮನೆಯ ಕಡೆಗೆ ತಿರುಗಿದ ಮೇಲೂ ಒಂದು ಕ್ಷಣ ಮುಖ ಹಿಂದೆ ಉಳಿದಿರುತ್ತದೆ. ಹೀಗೆ ಮಾಡೆಂದು ನಿರ್ದೇಶಕ ಹೇಳಿಕೊಟ್ಟಿರಬಹುದೇ, ಅಥವಾ ತಾಯಿಯನ್ನು ನೋಡಿ ಅವಳಿಗೆ ಗೊತ್ತಿತ್ತೇ ಎಂದು ಆ ರಾತ್ರಿ ಬಹಳ ಹೊತ್ತು ಯೋಚಿಸಿದೆ. ಮರುದಿನದಿಂದ ರಾತ್ರಿಯ ಬಿಸಿನೀರನ್ನು ನಾನೇ ತರುತ್ತಿದ್ದೆ.

ಬಿಸುವಿನ ರಾತ್ರಿ ಎಂಟೂವರೆಗೆ ಊಟವಾಯಿತು. ಜಗಲಿಯಲ್ಲಿ ಗೋಣಿ ಹಾಸಿ, ನಡುವೆ ಅಡಿಕೆಯ ರಾಶಿ ಸುರಿದು, ಎಲ್ಲರೂ ಕತ್ತಿ ಹಿಡಿದು ಕುಳಿತೆವು. ದೊಡ್ಡಪ್ಪ ಮೊದಲು ಕೇಳಿದ್ದು ತೀರ್ಪಿನ ಕ್ರಮ ಏನೆಂದು. ನಮ್ಮ ರಾಷ್ಟ್ರಪ್ರಶಸ್ತಿಯಂತೆ ನಾಲ್ಕಾರು ಮಂದಿಯ ಸಮಿತಿ ಕುಳಿತು ನಿರ್ಧರಿಸುವುದಲ್ಲ, ನಟನಟಿಯರ ವಿಭಾಗದವರು ಐದು ಹೆಸರುಗಳನ್ನು ಆರಿಸುತ್ತಾರೆ, ಆಮೇಲೆ ಅಕಾಡೆಮಿಯ ಸುಮಾರು 8,000 ಸದಸ್ಯರು ಮತ ಹಾಕುತ್ತಾರೆ, ಹೆಚ್ಚು ಮತ ಬಂದವರಿಗೆ ಪ್ರಶಸ್ತಿ ಎಂದು ಭಾವ ವಿವರಿಸಿದರು. “ಅರ್ಧಕ್ಕಿಂತ ಹೆಚ್ಚು ಬರಬೇಕೆಂದಿಲ್ಲವೋ?” ಎಂದು ದೊಡ್ಡಪ್ಪ ಕೇಳಿದರು. ಇಲ್ಲ. ಹಾಗಾದರೆ ಮತ ಐದು ಕಡೆಗೆ ಹಂಚಿಹೋದರೆ ನೂರಕ್ಕೆ 21 ಬಂದವಳೂ ಗೆಲ್ಲಬಹುದು, 79 ಮಂದಿ ಬೇಡವೆಂದವಳೂ ಅತ್ಯುತ್ತಮ ನಟಿ ಆಗಬಹುದು ಎಂದು ಅವರು ಲೆಕ್ಕ ಹಾಕಿದರು. ಯಾರಿಗೆ ಎಷ್ಟು ಮತ ಬಂತೆಂದು ಅಕಾಡೆಮಿ ಹೊರಗೆಡಹುವುದೂ ಇಲ್ಲ ಎಂದಾಗ, ಅದು ಸರಿಯಾದ ಕ್ರಮ, ಸೋತವರ ಮರ್ಯಾದೆ ಉಳಿಯುತ್ತದೆ ಎಂದರು.

ಭಾವ ಒಲಿವಿಯಾ ಕೋಲ್ಮನ್ ಪರವಾಗಿ ಪೀಠಿಕೆ ಹಾಕಿದರು. 1702ರಿಂದ 1714ರವರೆಗೆ ಆಳಿದ ಇಂಗ್ಲೆಂಡಿನ ರಾಣಿ ಆ್ಯನ್. ಗರ್ಭಕ್ಕೆ ಬಂದ 17 ಮಕ್ಕಳನ್ನೂ ಕಳೆದುಕೊಂಡವಳು. ಚಿತ್ರದಲ್ಲಿ ಆ ಲೆಕ್ಕಕ್ಕೆ 17 ಮೊಲಗಳನ್ನು ಸಾಕಿಕೊಂಡಿದ್ದಾಳೆ. ಕಾಲುಗಳು ನೋವಿನಿಂದ ಊದಿವೆ, ಬುದ್ಧಿ ಮಗುವಿನದು, ಅಧಿಕಾರ ರಾಜ್ಯದ್ದು. ಒಂದೇ ನಿಮಿಷದಲ್ಲಿ ನಗಿಸಿ, ಹೆದರಿಸಿ, ಅಳಿಸುವ ಪಾತ್ರ ಐದರಲ್ಲಿ ಇದೊಂದೇ ಎಂಬುದು ಅವರ ವಾದ. ಅವರು ಎತ್ತಿಕೊಂಡ ದೃಶ್ಯ ನಿಜಕ್ಕೂ ದೊಡ್ಡದು: ಗಾಲಿಕುರ್ಚಿಯಲ್ಲಿ ಕುಳಿತ ರಾಣಿ ತನ್ನ ಆಪ್ತಗೆಳತಿ ಇನ್ನೊಬ್ಬನೊಂದಿಗೆ ನರ್ತಿಸುವುದನ್ನು ನೋಡುತ್ತಾಳೆ. ಮುಖದ ಮೇಲಿನ ಸಂತೋಷ ಮೆಲ್ಲಮೆಲ್ಲನೆ ಹುಳಿಯಾಗಿ, ಅಸೂಯೆಯಾಗಿ, ಕೊನೆಗೆ ಎದ್ದು ನರ್ತಿಸಲಾಗದ ದೇಹದ ದುಃಖವಾಗುತ್ತದೆ. ಅಲ್ಲಿಯವರೆಗೆ ಮಾತು ಒಂದೂ ಇಲ್ಲ. “ಹಾಲು ಒಡೆಯುವುದನ್ನು ಪಾತ್ರೆಯ ಪಕ್ಕದಲ್ಲಿ ನಿಂತು ನೋಡಿದ ಹಾಗೆ” ಎಂದು ಅಕ್ಕ ಹೇಳಿದಳು. ಅದಕ್ಕಿಂತ ಚೆನ್ನಾಗಿ ನನಗೆ ಹೇಳಲು ಬರುವುದಿಲ್ಲ.

ದೊಡ್ಡಪ್ಪ ಗ್ಲೆನ್ ಕ್ಲೋಸ್ ಪಕ್ಷ. ಅವರು ಹಿರಿತನವನ್ನು ನೋಡಿ ಆ ಪಕ್ಷ ಹಿಡಿದರೆಂದು ಭಾವ ಹೇಳಿದಾಗ ಅವರಿಗೆ ಸಿಟ್ಟು ಬಂತು. 71 ವರ್ಷದ ಆ ನಟಿಗೆ ಇದು ಏಳನೆಯ ನಾಮನಿರ್ದೇಶನ, ಅದಕ್ಕೆ ಮೊದಲು ಒಮ್ಮೆಯೂ ಗೆದ್ದವರಲ್ಲ ಎಂಬುದನ್ನು ನಾವೇ ಅವರಿಗೆ ಹೇಳಿದ್ದೆವು. ಅದನ್ನು ಪಕ್ಕಕ್ಕಿಡಿ, ಆರು ಸಲ ಸೋತದ್ದಕ್ಕೆ ಕೊಡುವುದಾದರೆ ಅದು ಪ್ರಶಸ್ತಿಯಲ್ಲ, ಪಿಂಚಣಿ ಎಂದರು. ಅವರು ಹಿಡಿದ ಎಳೆ ಬೇರೆ. 1992ರಲ್ಲಿ ಗಂಡನಿಗೆ ನೊಬೆಲ್ ಪ್ರಶಸ್ತಿ ಬಂದಿದೆಯೆಂದು ಸ್ವೀಡನ್ನಿನಿಂದ ಕರೆ ಬರುತ್ತದೆ. ಹೆಂಡತಿ ಇನ್ನೊಂದು ಕೋಣೆಯ ಫೋನಿನಲ್ಲಿ ಕೇಳಿಸಿಕೊಳ್ಳುತ್ತಾಳೆ. ಗಂಡನ ಹೆಸರಿನಲ್ಲಿ ಬಂದ ಕಾದಂಬರಿಗಳನ್ನು ಬರೆದವಳು ಅವಳೇ. ಅದು ನೋಡುವವರಿಗೆ ಇನ್ನೂ ಗೊತ್ತಿಲ್ಲ. ಮೊದಲ ಸಲ ನೋಡುವಾಗ ಆ ಮುಖದಲ್ಲಿ ಕಾಣುವುದು ಸಂತೋಷ. ಕೊನೆಯನ್ನು ತಿಳಿದು ಮತ್ತೆ ನೋಡಿದರೆ ಅದೇ ಮುಖದಲ್ಲಿ ಕಾಣುವುದು ಬೇರೆ. “ಒಂದೇ ಮುಖ, ಎರಡು ಅರ್ಥ. ಎರಡೂ ಸುಳ್ಳಲ್ಲ. ಇದು ತಿಳಿದು ಮಾಡಿದ್ದು, ಮಗಳೇ. ಅದಕ್ಕೆ ಕಸುಬು ಬೇಕು” ಎಂದರು. ಅವರು ನಿಜವಾಗಿಯೂ ಆ ದೃಶ್ಯವನ್ನು ಎರಡು ಸಲ ಹಾಕಿಸಿ ನೋಡಿದ್ದರು.

ನನ್ನ ಸರದಿ ಬಂದಾಗ ನಾನು ಒಂಟಿಕಾಲಿನ ದೃಶ್ಯದಿಂದ ತೊಡಗಿದೆ. ಒಂದು ಬಯಲಿನಲ್ಲಿ ನೂರಾರು ಯುವಕರು ಕವಾಯತು ಮಾಡುತ್ತಿರುತ್ತಾರೆ. ಕಣ್ಣು ಕಟ್ಟಿಕೊಂಡು, ಕೈಗಳನ್ನು ಮೇಲೆತ್ತಿ, ಒಂಟಿಕಾಲಿನಲ್ಲಿ ನಿಲ್ಲುವ ಭಂಗಿಯನ್ನು ಗುರು ಮಾಡಿ ತೋರಿಸುತ್ತಾನೆ. ಎಲ್ಲರೂ ಪ್ರಯತ್ನಿಸಿ ತಡವರಿಸುತ್ತಾರೆ. ನೋಡಲು ಬಂದವರ ನಡುವೆ ನಿಂತ ತುಂಬು ಬಸುರಿ ಕ್ಲಿಯೋ ಮಾತ್ರ ಕಣ್ಣು ಮುಚ್ಚಿ ಅಲ್ಲಾಡದೆ ನಿಲ್ಲುತ್ತಾಳೆ. ಅದನ್ನು ಯಾರೂ ಗಮನಿಸುವುದಿಲ್ಲ, ಅವಳಿಗೂ ಅದು ದೊಡ್ಡ ಸಂಗತಿಯಲ್ಲ. ನನ್ನ ಪ್ರಕಾರ ಆ ಪಾತ್ರವೆಲ್ಲ ಆ ಭಂಗಿಯಲ್ಲಿದೆ, ಆ ನಟನೆಯೂ ಅಲ್ಲೇ ಇದೆ. ಕ್ಲೋಸ್ ಮತ್ತು ಕೋಲ್ಮನ್ ಮುಖಗಳಲ್ಲಿ ಒಳಗಿನದು ಹೊರಗೆ ಬರುವುದನ್ನು ನಾವು ನೋಡುತ್ತೇವೆ. ಕ್ಲಿಯೋ ಒಳಗಿನದನ್ನು ಹೊರಗೆ ಬಿಡುವಂತಿಲ್ಲ, ಅವಳ ಸಂಬಳ ನಿಂತಿರುವುದೇ ಅದರ ಮೇಲೆ. ಹೊರಗೆ ಬಾರದ್ದನ್ನು ಇದೆಯೆಂದು ತೋರಿಸುವುದು ಎಲ್ಲಕ್ಕಿಂತ ಕಷ್ಟದ ಕೆಲಸ ಎಂದು ವಾದಿಸಿದೆ.

ದೊಡ್ಡಪ್ಪ ಕತ್ತಿ ಕೆಳಗಿಟ್ಟು ಉಮಾಶ್ರೀಯವರನ್ನು ಎತ್ತಿದರು. ‘ಗುಲಾಬಿ ಟಾಕೀಸು’ ಚಿತ್ರಕ್ಕೆ ಅವರಿಗೆ 56ನೆಯ ರಾಷ್ಟ್ರಪ್ರಶಸ್ತಿ ಬಂದಾಗ ನಮ್ಮ ಮನೆಯಲ್ಲಿ ಸಂಭ್ರಮಿಸಿದವರು ದೊಡ್ಡಪ್ಪನೇ. ಕುಂದಾಪುರದ ಕಡೆಯ ಕಡಲತಡಿಯ ಆ ಗುಲಾಬಿ ಅಭಿನಯಿಸುತ್ತಿದ್ದಾಳೆಂದು ಒಂದು ಕ್ಷಣವೂ ಅನಿಸುವುದಿಲ್ಲ. ಆದರೆ ಅದರ ಹಿಂದೆ ದಶಕಗಳ ರಂಗಭೂಮಿಯ ದುಡಿಮೆ ಇದೆ, ಕಾಣದಂತೆ ಅಭಿನಯಿಸುವುದನ್ನು ಅವರು ಕಲಿತು ಸಂಪಾದಿಸಿದ್ದಾರೆ, ನಿನ್ನ ಹುಡುಗಿ ಏನನ್ನು ಸಂಪಾದಿಸಿದ್ದಾಳೆ ಎಂದು ಕೇಳಿದರು. ಕೋಳ್ಯೂರು ರಾಮಚಂದ್ರ ರಾಯರ ಸ್ತ್ರೀವೇಷವನ್ನೂ ನೆನಪಿಸಿದರು. ನಮ್ಮ ಕಡೆಯ ಗಂಡಸೊಬ್ಬರು ಹೆಣ್ಣಿನ ನಡೆ, ಲಜ್ಜೆ, ಕೋಪಗಳನ್ನು ನೋಡಿ ನೋಡಿ ಕಲಿತು ರಂಗಸ್ಥಳದಲ್ಲಿ ಹೆಣ್ಣಾಗಿ ನಿಂತದ್ದು ಅಭಿನಯ. ಮನೆಗೆಲಸದವಳ ಮಗಳು ಮನೆಗೆಲಸದವಳಾಗಿ ಕಾಣುವುದರಲ್ಲಿ ದಾಟಿದ ದೂರ ಎಷ್ಟು?

ಈ ಪ್ರಶ್ನೆ ನನಗೆ ನೋವು ಕೊಟ್ಟಿತು. ಮೆಕ್ಸಿಕೋದಲ್ಲೇ ಒಬ್ಬ ನಟ ಅವಳ ಜನಾಂಗವನ್ನು ಹೀನಾಯವಾಗಿ ಹೆಸರಿಸಿ, ಆಯಿತು ಅಮ್ಮಾ, ಇಲ್ಲ ಅಮ್ಮಾ ಎಂದಷ್ಟೇ ಹೇಳುವ ಇವಳನ್ನು ಆಸ್ಕರಿಗೆ ಆರಿಸಿದ್ದಾರೆ ಎಂದು ಮಾತನಾಡಿದ್ದು ಆಗ ಸುದ್ದಿಯಾಗಿತ್ತು. ಓಹಾಕಾದ ಮೂಲನಿವಾಸಿಯೆಂಬುದಕ್ಕೆ ತನಗೆ ಹೆಮ್ಮೆಯಿದೆ ಎಂದು ಅವಳು ಉತ್ತರಿಸಿದಳು. ದೊಡ್ಡಪ್ಪ ಅಂಥ ಮಾತನ್ನು ಎಂದೂ ಆಡುವವರಲ್ಲ. ಆದರೂ ಅವರ ಪ್ರಶ್ನೆ ಎಲ್ಲೋ ಅದರ ಪಕ್ಕದಲ್ಲೇ ನಿಂತಿದೆ ಎಂದು ನಾನು ಹೇಳಿದೆ. ಮಿಸ್ತೆಕ್ ಅವಳಿಗೆ ಬರುತ್ತಿರಲಿಲ್ಲ. ತಂದೆಯ ಕಡೆಯದಾದ ಆ ಭಾಷೆಯನ್ನು ಚಿತ್ರಕ್ಕಾಗಿ, ಅದೇಲಾಳ ಪಾತ್ರ ಮಾಡಿದ ಗೆಳತಿಯಿಂದ ಕಲಿತಳು. ಅವಳು ಮಾತನಾಡುವುದು ಅವಳ ಹಿರಿಯರ ಭಾಷೆ, ಆದರೆ ಅವಳಿಗೆ ಕಲಿತ ಭಾಷೆ. ಅದನ್ನು ಹುಟ್ಟಿನಿಂದ ಬಂದಂತೆ ಆಡಿ ತೋರಿಸಿದ್ದಾಳಲ್ಲ, ಅದು ದಾಟಿದ ದೂರವಲ್ಲವೇ? ದೊಡ್ಡಪ್ಪನಿಗೆ ಇದು ಗೊತ್ತಿರಲಿಲ್ಲ. “ಹೌದೋ?” ಎಂದರು. ನನ್ನ ಶಾಲೆಯಲ್ಲಿ ಕನ್ನಡವನ್ನು ಅಜ್ಜಿಯ ಭಾಷೆಯಾಗಿ ಮಾತ್ರ ಕೇಳಿದ, ಒಂದನೆಯ ತರಗತಿಗೆ ಬಂದು ಕಲಿಯುವ ಮಕ್ಕಳು ಪ್ರತಿ ವರ್ಷ ಬರುತ್ತಾರೆಂಬುದು ಅವರಿಗೆ ಗೊತ್ತಿದೆ. ಆ ಉದಾಹರಣೆಯನ್ನು ನಾನು ಕೊಡಬೇಕಾಗಿಯೇ ಬರಲಿಲ್ಲ.

ಆಮೇಲೆ ಬಂದ ವಾದ ನನ್ನ ಮಟ್ಟಿಗೆ ಆ ರಾತ್ರಿಯ ತಿರುಳು. ಕುವಾರೊನ್ ತನ್ನ ನಟರಿಗೆ ಪೂರ್ತಿ ಚಿತ್ರಕಥೆಯನ್ನು ಕೊಡಲಿಲ್ಲ. ಕಥೆಯ ಕ್ರಮದಲ್ಲೇ ಚಿತ್ರೀಕರಿಸುತ್ತಾ, ಒಬ್ಬೊಬ್ಬರಿಗೆ ಬೇರೆಬೇರೆಯಾಗಿ ಸೂಚನೆ ಕೊಡುತ್ತಿದ್ದ. ಎದುರಿನವರು ಏನು ಹೇಳುತ್ತಾರೆಂದು ತಿಳಿಯದೆ, ಪಾತ್ರದೊಳಗೇ ನಿಂತು ಉತ್ತರಿಸಬೇಕಾಗಿತ್ತು. ಇದನ್ನು ಹೇಳಿ ನಾನು ದೊಡ್ಡಪ್ಪನ ಮುಖ ನೋಡಿದೆ. ತಾಳಮದ್ದಳೆಯಲ್ಲಿ ಭಾಗವತರ ಪದವಿರುತ್ತದೆ, ಮಾತು ಬರೆದಿರುವುದಿಲ್ಲ. ಎದುರು ಕುಳಿತ ಅರ್ಥಧಾರಿ ಏನು ಎತ್ತುತ್ತಾನೋ ಅದಕ್ಕೆ ಆ ಕ್ಷಣದಲ್ಲಿ ಕರ್ಣನಾಗಿ, ವಾಲಿಯಾಗಿ ಉತ್ತರ ಕೊಡಬೇಕು. “ನೀವು 40 ವರ್ಷ ಮಾಡಿದ್ದು ಇದನ್ನೇ ಅಲ್ಲವೇ ದೊಡ್ಡಪ್ಪ?” ಎಂದು ಕೇಳಿದೆ. ಭಾವ ಕೈ ಚಪ್ಪಾಳೆ ತಟ್ಟಿದರು.

ದೊಡ್ಡಪ್ಪ ಬಹಳ ಹೊತ್ತು ಉತ್ತರಿಸಲಿಲ್ಲ. ಒಂದು ಅಡಿಕೆ ಸುಲಿದರು, ಇನ್ನೊಂದು ಸುಲಿದರು, ಎರಡನ್ನೂ ಬುಟ್ಟಿಗೆ ಹಾಕಿದರು. “ಮಾತು ಗೊತ್ತಿರುವುದಿಲ್ಲ, ಸರಿ. ಪ್ರಸಂಗ ಗೊತ್ತಿರುತ್ತದೆ. ಕರ್ಣನ ಅರ್ಥ ಹೇಳುವವನಿಗೆ ಕರ್ಣ ಸಾಯುತ್ತಾನೆಂದು ಮೊದಲ ಪದದಲ್ಲೇ ಗೊತ್ತು. ಗೊತ್ತಿದ್ದೂ ಗೊತ್ತಿಲ್ಲದವನಂತೆ ಕೂರುವುದೇ ಅರ್ಥಗಾರಿಕೆ. ನಿನ್ನ ಹುಡುಗಿಗೆ ಪ್ರಸಂಗ ಗೊತ್ತಿತ್ತೋ?” ಎಂದರು.

ಗೊತ್ತಿರಲಿಲ್ಲ. ಹೆರಿಗೆಯ ದೃಶ್ಯದಲ್ಲಿ ಮಗು ಸತ್ತೇ ಹುಟ್ಟುತ್ತದೆಂದು ಅವಳಿಗೆ ನಿರ್ದೇಶಕ ಮೊದಲೇ ತಿಳಿಸಿರಲಿಲ್ಲ. ಸುತ್ತ ಇದ್ದವರು ನಿಜವಾದ ವೈದ್ಯರು ಮತ್ತು ದಾದಿಯರು. ಅವಳ ಮುಖದಲ್ಲಿ ಕಾಣುವ ಆಘಾತದಲ್ಲಿ ಎಷ್ಟು ಪಾತ್ರದ್ದು, ಎಷ್ಟು ಅವಳದು ಎಂದು ಬೇರ್ಪಡಿಸಲು ಯಾರಿಂದಲೂ ಆಗದು. ಹಾಗಾದರೆ ಅದು ಬದುಕು, ಅಭಿನಯವಲ್ಲ. ಆ ದೃಶ್ಯದ ಪ್ರಶಸ್ತಿ ಸಲ್ಲಬೇಕಾದದ್ದು ನಿರ್ದೇಶಕನಿಗೆ ಎಂದರು ದೊಡ್ಡಪ್ಪ. ನಿರ್ದೇಶಕನಿಗೆ ಪ್ರಶಸ್ತಿ ಬಂದಿತ್ತು, ಛಾಯಾಗ್ರಹಣಕ್ಕೂ ಅವನಿಗೇ ಬಂದಿತ್ತು. ಅದನ್ನು ಹೇಳುವಂತಿರಲಿಲ್ಲವಾದ್ದರಿಂದ ನಾನು ಬಾಯಿ ಕಚ್ಚಿಕೊಂಡೆ. ಆ ಆಕ್ಷೇಪದಲ್ಲಿ ಸತ್ಯವಿದೆಯೆಂದು ಒಪ್ಪಿದೆ, ಇಂದಿಗೂ ಒಪ್ಪುತ್ತೇನೆ. ನಟಿಯೊಬ್ಬಳಿಗೆ ತಿಳಿಸದೆ ಅಂಥ ದುಃಖವನ್ನು ಅವಳಿಂದ ತೆಗೆಯುವುದು ಸರಿಯೇ ಎಂಬ ಪ್ರಶ್ನೆಯನ್ನು ಅಕ್ಕ ಎತ್ತಿದಳು. ಆ ವರ್ಷದ ಜನವರಿಯಲ್ಲಿ ಅಕ್ಕನಿಗೆ ಗರ್ಭಪಾತವಾಗಿತ್ತು. ನಾವು ಯಾರೂ ಮಾತನಾಡಲಿಲ್ಲ.

ಅನಂತರ ನಾನು ಕಡಲಿನ ದೃಶ್ಯಕ್ಕೆ ಬಂದೆ. ಮಗು ಕಳೆದುಕೊಂಡ ಮೇಲೆ ಮಾತು ಬಿಟ್ಟವಳಂತಿರುವ ಕ್ಲಿಯೋಳನ್ನು ಮನೆಯವರು ಕಡಲತೀರಕ್ಕೆ ಕರೆದೊಯ್ಯುತ್ತಾರೆ. ತನಗೆ ಈಜು ಬರುವುದಿಲ್ಲವೆಂದು ಅವಳು ಹೇಳಿರುತ್ತಾಳೆ. ಮನೆಯ ಇಬ್ಬರು ಮಕ್ಕಳು ಅಲೆಗೆ ಸಿಕ್ಕಾಗ ಅವಳು ನಡೆಯುತ್ತಾಳೆ, ಓಡುವುದಿಲ್ಲ. ನೀರು ಸೊಂಟಕ್ಕೆ ಬರುತ್ತದೆ, ಎದೆಗೆ ಬರುತ್ತದೆ, ಅಲೆ ತಲೆಯ ಮೇಲೆ ಹಾಯುತ್ತದೆ. ಮಕ್ಕಳನ್ನು ಎಳೆದು ತಂದು ಎಲ್ಲರೂ ಮರಳಿನ ಮೇಲೆ ಒಬ್ಬರನ್ನೊಬ್ಬರು ತಬ್ಬಿಕೊಂಡಾಗ ಅವಳ ಬಾಯಿಯಿಂದ ಮಾತು ಬರುತ್ತದೆ: ಆ ಮಗು ಬೇಡವಾಗಿತ್ತು, ಅದು ಹುಟ್ಟುವುದು ನನಗೆ ಬೇಡವಾಗಿತ್ತು. ಈ ಹೊತ್ತಿಗೆ ಅವಳಿಗೆ ಪ್ರಸಂಗ ಗೊತ್ತು. ಮಗು ಸತ್ತದ್ದು ಗೊತ್ತು, ತಾನು ಏನು ಹೇಳಬೇಕೆಂದೂ ಗೊತ್ತು. ಅಲೆಯೊಳಗೆ ಹೋಗಿಬಂದ ಏದುಸಿರಿನಲ್ಲಿ, ಒಂದೇ ಓಟದ ಚಿತ್ರೀಕರಣದಲ್ಲಿ, ಆ ವಾಕ್ಯವನ್ನು ಅವಳು ಹೇಳಿದ ರೀತಿ ಅಭಿನಯವಲ್ಲವಾದರೆ ಯಾವುದು ಅಭಿನಯ?

ಆಗ ದೊಡ್ಡಪ್ಪ ಯಾರೂ ನಿರೀಕ್ಷಿಸದ ಕೆಲಸ ಮಾಡಿದರು. “ಅರ್ಥ ಹೇಳಿ ನೋಡೋಣ. ಯಾವ ಪಾತ್ರದಲ್ಲಿ ಎಷ್ಟು ಇದೆಯೆಂದು ಆಗ ಗೊತ್ತಾಗುತ್ತದೆ” ಎಂದರು. ಗೋಡೆಗೆ ಒರಗಿ ನೆಟ್ಟಗೆ ಕುಳಿತು, ಕಣ್ಣು ಮುಚ್ಚಿ, ಗಂಟಲು ಸರಿಪಡಿಸಿಕೊಂಡು, ಮೊದಲು ಆ ನೊಬೆಲ್ ಲೇಖಕನ ಹೆಂಡತಿಯಾಗಿ ಮಾತನಾಡಿದರು. ಸಭೆ ಗಂಡನಿಗೆ ಕೈ ಚಪ್ಪಾಳೆ ತಟ್ಟುತ್ತಿದೆ. ಇವಳು ಕೆಳಗೆ ಕುಳಿತಿದ್ದಾಳೆ. ಆರ್ಯಪುತ್ರಾ ಎಂದು ತೊಡಗಿದ ಆ ಅರ್ಥ ಹತ್ತು ನಿಮಿಷ ನಡೆಯಿತು. ಅಕ್ಷರ ನನ್ನದು ಹೆಸರು ನಿನ್ನದು, ಬಸಿರು ನನ್ನದು ಹೆತ್ತವನು ನೀನು ಎಂಬಲ್ಲಿಗೆ ಬಂದಾಗ ಅತ್ತೆಯ ಕಣ್ಣಿನಲ್ಲಿ ನೀರಿತ್ತು. ಆಮೇಲೆ ರಾಣಿ ಆ್ಯನ್ ಆದರು. ಅದೂ ಸರಾಗವಾಗಿ ಬಂತು. 17 ಮೊಲಗಳನ್ನು ಒಂದೊಂದಾಗಿ ಮಡಿಲಿಗೆ ತೆಗೆದುಕೊಂಡು ಮಾತನಾಡಿಸಿದಾಗ ಭಾವ ಸುಲಿಯುವುದನ್ನೇ ಮರೆತಿದ್ದರು.

ಕೊನೆಗೆ ಕ್ಲಿಯೋ. ಕಡಲಿನಿಂದ ಬಂದು ಮರಳಿನ ಮೇಲೆ ಕುಳಿತ ಹೊತ್ತು. ದೊಡ್ಡಪ್ಪ ಕಣ್ಣು ಮುಚ್ಚಿದರು. “ಅಮ್ಮಾ...” ಎಂದರು. ನಿಲ್ಲಿಸಿದರು. ಪುನಃ “ಅಮ್ಮಾ, ಈ ಮಕ್ಕಳು...” ಎಂದರು, ಪುನಃ ನಿಲ್ಲಿಸಿದರು. ಸಭೆಯಲ್ಲಿ ಅವರು ಮಾತಿಗೆ ತಡವರಿಸಿದ್ದನ್ನು ನಾನು ಎಂದೂ ನೋಡಿದವಳಲ್ಲ. ಕಣ್ಣು ತೆರೆದು ನನ್ನನ್ನು ನೋಡಿ ಕೇಳಿದರು: “ಇವಳ ಅರ್ಥವನ್ನು ಯಾವ ಭಾಷೆಯಲ್ಲಿ ಹೇಳುವುದು? ಯಜಮಾನರ ಭಾಷೆಯಲ್ಲಿ ಹೇಳಿದರೆ ಇವಳು ಇಷ್ಟು ಹೇಳುವುದಿಲ್ಲ. ಇವಳ ಭಾಷೆಯಲ್ಲಿ ಹೇಳಿದರೆ ಕೇಳುವವರಿಲ್ಲ.”

ಅಂಗಳದಾಚೆ ತೋಟದಲ್ಲಿ ಜೀರುಂಡೆಗಳು ಕೂಗುತ್ತಿದ್ದವು. ಕೆಲಸದ ಅಕ್ಕ ಬಿಸುವಿನ ಪಾಯಸದ ಪಾತ್ರೆ ತೊಳೆದಿಟ್ಟು, ಮೆಟ್ಟಿಲ ಕೆಳಗೆ ನಿಂತು, ಗಡಿಯಾಚೆ ವಿಟ್ಲದ ಕಡೆಗೆ ಮದುವೆಯಾಗಿ ಹೋದ ಮಗಳೊಂದಿಗೆ ಫೋನಿನಲ್ಲಿ ಮಾತನಾಡುತ್ತಿದ್ದರು. ಆ ಹುಡುಗಿಗೆ ಏಳು ತಿಂಗಳು. ಸೀಮಂತಕ್ಕೆ ಕರೆತರಲು ದಾರಿಯಿರಲಿಲ್ಲ. ಮರಾಟಿಯಲ್ಲಿ ಅವರು ಬಹಳ ವೇಗವಾಗಿ, ಬಹಳ ಹೊತ್ತು, ನಡುನಡುವೆ ಜೋರಾಗಿ ನಗುತ್ತಾ ಮಾತನಾಡುತ್ತಾರೆ. ನಮ್ಮೊಂದಿಗೆ ಅವರು ಹಾಗೆ ಮಾತನಾಡಿದ್ದು ನನಗೆ ನೆನಪಿಲ್ಲ. ನಮ್ಮ ಮಾತು ನಿಂತದ್ದನ್ನು ಗಮನಿಸಿ ಅವರು ಇತ್ತ ತಿರುಗಿದರು, ದನಿ ತಗ್ಗಿಸಿದರು.

ತೀರ್ಪು ಹೇಳಲೇಬೇಕೆಂದು ಭಾವ ಹಟ ಹಿಡಿದಾಗ ದೊಡ್ಡಪ್ಪ ಗ್ಲೆನ್ ಕ್ಲೋಸ್ ಎಂದೇ ಹೇಳಿದರು. ಪ್ರಶಸ್ತಿಯೆಂಬುದು ಕಸುಬಿಗೆ, ಮತ್ತೆ ಮಾಡಿ ತೋರಿಸಬಲ್ಲದ್ದಕ್ಕೆ ಸಲ್ಲುವುದು ಎಂಬ ನಿಲುವನ್ನು ಅವರು ಬಿಡಲಿಲ್ಲ. ನಾನು ಅಪಾರಿಸಿಯೊ ಎಂಬುದನ್ನು ಬಿಡಲಿಲ್ಲ. ಮತ್ತೆ ಮಾಡಿ ತೋರಿಸಲು ಅವಳಂಥವರಿಗೆ ಎರಡನೆಯ ಅವಕಾಶ ಸುಲಭವಾಗಿ ಸಿಗುವುದಿಲ್ಲ, ಆದ್ದರಿಂದ ಮಾಡಿದ್ದನ್ನೇ ನೋಡಿ ಕೊಡಬೇಕು ಎಂದೆ. ಅಲ್ಲಿಯವರೆಗೆ ಇಂಗ್ಲಿಷೇತರ ಭಾಷೆಯ ಚಿತ್ರದ ಪಾತ್ರಕ್ಕೆ ಅತ್ಯುತ್ತಮ ನಟಿ ಆಸ್ಕರ್ ಪಡೆದವರು ಸೋಫಿಯಾ ಲಾರೆನ್ ಮತ್ತು ಮರಿಯೋನ್ ಕೋತಿಯಾರ್ ಇಬ್ಬರೇ ಎಂಬುದನ್ನೂ ಹೇಳಿದೆ. ಅತ್ತೆ ಮತ್ತು ಅಕ್ಕ ನನ್ನ ಕಡೆ ಬಂದರು. ಭಾವ ಒಂಟಿಯಾಗಿ ಕೋಲ್ಮನ್ ಎಂದರು, ಮತ್ತು ತುಂಬು ವಿಶ್ವಾಸದಿಂದ ಫೋನ್ ತೆಗೆದರು.

ಗೆದ್ದದ್ದು ಒಲಿವಿಯಾ ಕೋಲ್ಮನ್ ಎಂದು ತಿಳಿದಾಗ ದೊಡ್ಡಪ್ಪನಿಗೆ ಬೇಸರವಾದಂತೆ ಕಾಣಲಿಲ್ಲ. ವೇದಿಕೆಯ ಮೇಲೆ ಅವರು ಮಾಡಿದ ಭಾಷಣವನ್ನು ಭಾವ ತೋರಿಸಿದರು. ಅಳುತ್ತಾ ನಗುತ್ತಾ ಮಾತನಾಡಿದ ಆಕೆ ಗ್ಲೆನ್ ಕ್ಲೋಸ್ ಕಡೆಗೆ ತಿರುಗಿ, ನೀವು ಎಷ್ಟೋ ಕಾಲದಿಂದ ನನ್ನ ಆದರ್ಶ, ಇದು ಹೀಗಾಗಬೇಕೆಂದು ನಾನು ಬಯಸಿದ್ದಲ್ಲ ಎಂಬರ್ಥದ ಮಾತು ಹೇಳುತ್ತಾರೆ. ಆ ಮಾತನ್ನು ಕೇಳಿ ದೊಡ್ಡಪ್ಪ ತಲೆದೂಗಿದರು. ಇನ್ನೊಂದು ಮಾತೂ ಆ ಭಾಷಣದಲ್ಲಿದೆ: ತಾನು ಹಿಂದೆ ಮನೆ ಶುಚಿ ಮಾಡುವ ಕೆಲಸ ಮಾಡುತ್ತಿದ್ದೆ, ಆ ಕೆಲಸ ತನಗೆ ಬಹಳ ಪ್ರಿಯವಾಗಿತ್ತು, ಆದರೆ ಈ ಕ್ಷಣವನ್ನು ಕಲ್ಪಿಸಿಕೊಳ್ಳುತ್ತಾ ಬಹಳಷ್ಟು ಹೊತ್ತು ಕಳೆಯುತ್ತಿದ್ದೆ ಎಂದು. ಅಲ್ಲಿಗೆ ಬಂದಾಗ ದೊಡ್ಡಪ್ಪ ನಿಲ್ಲಿಸಲು ಹೇಳಿ, ಮತ್ತೊಮ್ಮೆ ಹಾಕಿಸಿದರು. ರಾಣಿಯಾದವಳು ಮನೆಗೆಲಸ ಮಾಡಿದವಳು, ಮನೆಗೆಲಸದವಳಾದವಳು ಓದಿದ ಶಿಕ್ಷಕಿ. “ಹಾಗಾದರೆ ದೂರ ದಾಟಿದವರು ಇಬ್ಬರೂ ಹೌದು. ನಾನು ಹೇಳಿದ್ದು ಅಲ್ಲಿಗೆ ತಪ್ಪು” ಎಂದರು. ತೀರ್ಪನ್ನು ಮಾತ್ರ ಬದಲಿಸಲಿಲ್ಲ.

ಗೋಣಿಯ ಅಡಿಕೆ ಮುಗಿಯಲು ಮತ್ತೂ ಎಂಟು ದಿನ ಬೇಕಾಯಿತು. ಮೂರನೆಯ ದಿನವೋ ನಾಲ್ಕನೆಯ ದಿನವೋ ಮಧ್ಯಾಹ್ನ ನಾನು ಹಿಂದಿನ ಕೋಣೆಯಲ್ಲಿ ಮಕ್ಕಳಿಗೆ ಕಳುಹಿಸಬೇಕಾದ ಪಾಠವನ್ನು ಫೋನಿಗೆ ಓದಿ ದಾಖಲಿಸುತ್ತಿದ್ದೆ. ಕಿಟಕಿಯಿಂದ ಜಗಲಿಯ ಮಾತು ಕೇಳಿಸುತ್ತಿತ್ತು. ದೊಡ್ಡಪ್ಪ ಮತ್ತು ಕೆಲಸದ ಅಕ್ಕ ಇಬ್ಬರೇ ಸುಲಿಯುತ್ತಾ ಕುಳಿತಿದ್ದರು. “ನನಗೆ ಈಜು ಬರುವುದಿಲ್ಲ ಎಂಬುದಕ್ಕೆ ನಿಮ್ಮ ಭಾಷೆಯಲ್ಲಿ ಏನು ಹೇಳುವುದು?” ಎಂದು ದೊಡ್ಡಪ್ಪ ಕೇಳಿದರು. ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದು, ಹೇಳಿದರು. ದೊಡ್ಡಪ್ಪ ಅದನ್ನು ಹೇಳಲು ಹೋಗಿ ತಪ್ಪಿದರು. ಅಕ್ಕ ಪುನಃ ಹೇಳಿದರು, ನಿಧಾನವಾಗಿ, ಬಿಡಿಸಿ ಬಿಡಿಸಿ, ನಾನು ಒಂದನೆಯ ತರಗತಿಯಲ್ಲಿ ಹೇಳಿಕೊಡುವ ಹಾಗೆ. ಎರಡನೆಯ ಸಲವೂ ದೊಡ್ಡಪ್ಪನ ನಾಲಗೆ ಹೊರಳಲಿಲ್ಲ. “ಹಾಗಲ್ಲ” ಎಂದರು ಅಕ್ಕ. ಅವರ ಕತ್ತಿಯ ಸದ್ದು ನಿಂತಿತ್ತು.